ಕಾಗದದಲ್ಲಿ ಸಿಗದವರ ಚರಿತ್ರೆ ಹುಡುಕುದು ಹೇಗೆ: ಮಂಗಳೂರು, ಉಡುಪಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಕಾಲೇಜು ಮಕ್ಕಳಿಂದ ಹಿಡ್ದು ರಿಟೈರ್ಡ್ ಮೇಷ್ಟ್ರ ತನಕ ಎಲ್ರದ್ದೂ ಒಂದೇ ಕಂಪ್ಲೇಂಟ್. ನಮ್ಮೂರಿನ ಕೊರಗರ (ಇಲ್ಲಿನ ಒಂದು ಆದಿವಾಸಿ ಸಮುದಾಯ) ಕಾಲನಿ ಬಗ್ಗೆ ಬರೀಬೇಕು, ಅಜ್ಜಿ ಬೀಡಿ ಕಟ್ಟಿದ ಕಥೆ ಬರೀಬೇಕು, ಹೆಂಚಿನ ಫ್ಯಾಕ್ಟ್ರಿಯಲ್ಲಿ ಮಣ್ಣು ತುಳಿದವರ ಬಗ್ಗೆ ಬರೀಬೇಕು, ಆದ್ರೆ ಎಂತ ಸಿಗುದಿಲ್ಲ ಮಾರಾಯ್ರೆ ಅಂತ. ಎರಡು ತಿಂಗಳು ಓಡಾಡಿದ ಮೇಲೆ ಕೈಯಲ್ಲಿ ಉಳಿಯುದು ಗೆಜೆಟಿಯರಿನ ಒಂದು ಪ್ಯಾರಾ, ದೊಡ್ಡ ಮನೆಯ ಯಜಮಾನರ ಒಂದು ಗಂಟೆಯ ಭಾಷಣ, ಮತ್ತೆ ನಾಲ್ಕು ಫೋಟೋ.

ಸಿಗುದಿಲ್ಲ ಅನ್ನುದು ಪೂರ್ತಿ ನಿಜ ಅಲ್ಲ. ಹೆಚ್ಚಿನವ್ರು ಸೋಲುದು ಕ್ರಮ ತಪ್ಪಿ. ಮೊದ್ಲು ಲೈಬ್ರರಿ, ಆಮೇಲೆ ಊರಿನ ಗಣ್ಯರು, ಟೈಮ್ ಉಳಿದ್ರೆ ಕಡೆಗೆ ಆ ಜನರ ಮನೆ. ಇದನ್ನ ಉಲ್ಟಾ ಮಾಡ್ಬೇಕು. ಇನ್ನೊಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ: ಬಡವರ ಹೆಸರು ಕಾಗದಕ್ಕೆ ಬರುದು ಯಾರಿಗೋ ಅವರಿಂದ ಎಂತದೋ ಬೇಕಾದಾಗ ಮಾತ್ರ. ಗೇಣಿ, ಕೂಲಿ ಲೆಕ್ಕ, ದೀಕ್ಷಾಸ್ನಾನ, ಕೋರ್ಟು ಕೇಸು, ಭೂಸ್ವಾಧೀನ, ಇಂಥದ್ದು. ಹಾಗಾಗಿ ಇವರ ಬಗ್ಗೆ ಯಾರು ಬರ್ದಿದ್ದಾರೆ ಅಂತ ಹುಡುಕಿದ್ರೆ ಖಾಲಿ ಕೈ, ಇವರನ್ನ ಯಾರು ಲೆಕ್ಕ ಹಾಕ್ಬೇಕಿತ್ತು ಅಂತ ಕೇಳಿದ್ರೆ ದಾರಿ ಸಿಗ್ತದೆ. ಕೆಳಗಿನ ಹಂತಗಳೆಲ್ಲ ಆ ಒಂದು ಪ್ರಶ್ನೆಯ ಮೇಲೇ ನಿಂತದ್ದು.

ಶುರು ಮಾಡುವ ಮೊದ್ಲು ಬೇಕಾದ ಸಾಮಾನು

ದೊಡ್ಡ ಖರ್ಚಿಲ್ಲ. ಫೋನು, ಅದಕ್ಕೊಂದು ಕಾಲರ್ ಮೈಕು, ಪವರ್ ಬ್ಯಾಂಕು, ಎರಡು ದಪ್ಪ ನೋಟ್‌ಬುಕ್ಕು. ಒಂದು ಜನರ ಮಾತಿಗೆ, ಒಂದು ಕಾಗದಪತ್ರಕ್ಕೆ, ಎರಡನ್ನ ಬೆರೆಸ್ಬೇಡಿ. ಕಾಗದದ ಫೋಟೋ ತೆಗೆಯುವಾಗ ಪಕ್ಕಕ್ಕೆ ಇಡ್ಲಿಕ್ಕೆ ಒಂದು ಸ್ಕೇಲು, ಮತ್ತೆ ಗ್ರಾಮದ ಸರ್ವೆ ನಕ್ಷೆಯ ಒಂದು ಪ್ರಿಂಟು. ಈ ಕೊನೇದನ್ನ ಎಲ್ರೂ ಬಿಡ್ತಾರೆ, ಆಮೇಲೆ ಸರ್ವೆ ನಂಬ್ರ ಸಿಕ್ಕಿದಾಗ ಅದು ಗದ್ದೆಯಾ ಗುಡ್ಡೆಯಾ ಗೊತ್ತಾಗದೆ ತಲೆ ಕೆರ್ಕೊಳ್ತಾರೆ.

ಸೀಸನ್ ಕೂಡ ನೋಡ್ಬೇಕು. ಆಟಿ ತಿಂಗಳಲ್ಲಿ, ಅಂದ್ರೆ ಜೋರು ಮಳೆಗಾಲದ ತುಳು ತಿಂಗಳಲ್ಲಿ, ಕೆಲಸ ಕಡಿಮೆ, ಹಿರಿಯರು ಮನೆಯಲ್ಲೇ ಇರ್ತಾರೆ, ಮಾತಿಗೆ ಆರಾಮ. ಆದ್ರೆ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಾಡಿದ ರೆಕಾರ್ಡಿಂಗ್ ಕೇಳ್ಲಿಕ್ಕಾಗುದಿಲ್ಲ. ಆಟಿಯಲ್ಲಿ ಹೋಗಿ ಪರಿಚಯ ಮಾಡ್ಕೊಂಡು ನೋಟ್ಸ್ ಮಾತ್ರ ತೆಗೀರಿ, ದೀಪಾವಳಿ ಕಳ್ದ ಮೇಲೆ ಮೈಕ್ ತಗೊಂಡು ಹೋಗಿ.

ಹಂತ 1: ವಿಷಯವನ್ನ ಸಣ್ಣ ಮಾಡಿ

"ದಕ್ಷಿಣ ಕನ್ನಡದ ದಲಿತರ ಇತಿಹಾಸ" ಅಂತ ಹೆಡ್ಡಿಂಗ್ ಇಟ್ಟು ಶುರು ಮಾಡಿದ ಯಾರೂ ಮುಗ್ಸಿದ್ದು ನಾನು ನೋಡ್ಲಿಲ್ಲ. ಒಂದು ಮನೆ ಅಥವಾ ಒಂದು ಕೆಲಸದ ಜಾಗ ಅಥವಾ ಒಂದು ಘಟನೆ, ಅದ್ರಲ್ಲೂ ಮೂವತ್ತು ನಲ್ವತ್ತು ವರ್ಷದ ಅವಧಿ ಸಾಕು. ಉದಾಹರಣೆಗೆ ನವಮಂಗಳೂರು ಬಂದರಿಗೆ ಪಣಂಬೂರು ಸುತ್ತಿನ ಜಾಗ ಹೋದಾಗ ಅಲ್ಲಿಂದ ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದವರಲ್ಲಿ ಗದ್ದೆ ಕೂಲಿ ಮಾಡ್ತಿದ್ದ ಮನೆಗಳು ಯಾವುವು, ಅವರಿಗೆ ಎಂತ ಸಿಕ್ಕಿತು. ಅಥವಾ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಬಾಸೆಲ್ ಮಿಷನ್ (ಸ್ವಿಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಂಚಿನ ಕಾರ್ಖಾನೆಯಲ್ಲಿ ಹೆಂಗಸರು ಎಂತ ಕೆಲಸ ಮಾಡ್ತಿದ್ರು. ಇಷ್ಟು ಸಣ್ಣದಾದ್ರೆ ಉತ್ತರ ಸಿಗ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಯಲ್ಲಿ ಒಂದೂ ಊರಿನ ಹೆಸರು ಇಲ್ಲದಿದ್ರೆ, ಅಥವಾ "ಎಲೆಮರೆಯ ಕಾಯಿ" "ಅಜ್ಞಾತ ವೀರ" ಅಂತ ಈಗ್ಲೇ ಬರೀಲಿಕ್ಕೆ ಕೈ ತುರಿಸ್ತಾ ಇದ್ರೆ, ನಿಮಗೆ ಬೇಕಾಗಿರುದು ಹೀರೋ, ಮನುಷ್ಯ ಅಲ್ಲ. ಅಲ್ಲೇ ನಿಲ್ಸಿ ಇನ್ನೊಮ್ಮೆ ಪ್ರಶ್ನೆ ಬರೀರಿ.

ಹಂತ 2: ಲೆಕ್ಕ ಹಾಕಿದವರ ಪಟ್ಟಿ ಮಾಡಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮಧ್ಯಕ್ಕೆ ಗೀಟು ಎಳೀರಿ. ಎಡಗಡೆ ನಿಮ್ಮ ವ್ಯಕ್ತಿ ಅಥವಾ ಮನೆ ಬದುಕಿದ ವರ್ಷಗಳು, ಬಲಗಡೆ ಆಯಾ ಕಾಲಕ್ಕೆ ಅವರ ಹೆಸರು ಬರ್ಕೊಂಡಿರಬಹುದಾದವರು.

ಗೇಣಿಗೆ ಗದ್ದೆ ಮಾಡಿದ್ರೆ ಧಣಿಗಳ ಗೇಣಿ ಲೆಕ್ಕ, 1974ರ ನಂತರ ಭೂನ್ಯಾಯ ಮಂಡಳಿ. ಬೀಡಿ ಕಟ್ಟಿದ್ರೆ ಬೀಡಿ ಕಂಪನಿಯ ಬ್ರಾಂಚಿನ ಲೆಕ್ಕಪುಸ್ತಕ, ಪಿಎಫ್. ಶಾಲೆಗೆ ಒಂದೇ ವರ್ಷ ಹೋಗಿದ್ರೂ ದಾಖಲಾತಿ ರಿಜಿಸ್ಟರು. ಕ್ರೈಸ್ತರಾಗಿದ್ರೆ ಸಭೆಯ ದೀಕ್ಷಾಸ್ನಾನದ ಪುಸ್ತಕ, ಮದುವೆ ಪುಸ್ತಕ. ಜಾಗ ಸರ್ಕಾರಕ್ಕೆ ಹೋಗಿದ್ರೆ ಭೂಸ್ವಾಧೀನದ ಅವಾರ್ಡು (ಪರಿಹಾರದ ಆದೇಶ). ಡಿ.ಸಿ. ಮನ್ನಾ ಜಾಗ (ದಲಿತರಿಗೆ ಅಂತ ಮೀಸಲಿಟ್ಟ ಸರ್ಕಾರಿ ಜಾಗ) ಸಿಕ್ಕಿದ್ರೆ ಅಥವಾ ಕೇಳಿ ಸಿಗದಿದ್ರೆ ತಾಲೂಕು ಆಫೀಸಿನ ಕಡತ. ಕೇಳಿ ಸಿಗದವರ ಅರ್ಜಿಯಲ್ಲೇ ಜಾಸ್ತಿ ಮಾಹಿತಿ ಇರುದು, ಯಾಕಂದ್ರೆ ಸಿಕ್ಕಿದವರು ಮತ್ತೆ ಮತ್ತೆ ಬರೀಲಿಕ್ಕೆ ಹೋಗಿರುದಿಲ್ಲ.

ಇಲ್ಲಿ ಎಲ್ರೂ ಮಾಡುವ ತಪ್ಪು ಅಂದ್ರೆ ಜನಗಣತಿಯಲ್ಲಿ ಹೆಸರು ಹುಡುಕುದು. ಮದ್ರಾಸ್ ಪ್ರೆಸಿಡೆನ್ಸಿಯ ಹಳೆ ಜನಗಣತಿ ಸಂಪುಟಗಳಲ್ಲಿ ಜಾತಿವಾರು ಸಂಖ್ಯೆ ಉಂಟು, ಎಲ್ಲಾ ಜಾತಿಗಳ ಲೆಕ್ಕ ಸಿಗುದು 1931ರ ತನಕ. ಆದ್ರೆ ಅದ್ರಲ್ಲಿ ಒಬ್ಬೊಬ್ಬರ ಹೆಸರು ಇಲ್ಲ. ತಾಲೂಕಿನಲ್ಲಿ ಎಷ್ಟು ಜನ ಇದ್ರು ಅಂತ ನೋಡ್ಲಿಕ್ಕೆ ಮಾತ್ರ ಅದು, ವಾರಗಟ್ಟಲೆ ಅದ್ರಲ್ಲಿ ಮುಳುಗ್ಬೇಡಿ.

ಹಂತ 3: ಹೆಸರಿನ ಗೋಜಲು ಬಿಡಿಸಿ

ಇದಕ್ಕೆ ಟೈಮ್ ಕೊಡಿ, ಅರ್ಧಕ್ಕರ್ಧ ಕೆಲಸ ಹಾಳಾಗುದು ಇಲ್ಲೇ. ತುಳುನಾಡಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ವಾರದ ಹೆಸರು ಇಡ್ತಿದ್ರು. ಆದಿತ್ಯವಾರ ಹುಟ್ಟಿದವ ಐತ, ಸೋಮವಾರ ತೋಮ, ಆಮೇಲೆ ಅಂಗಾರ, ಬೂದ, ಗುರುವ, ತುಕ್ರ, ಶನಿವಾರದವ ತನಿಯ. ಹೆಂಗಸರಲ್ಲಿ ಐತೆ, ಅಂಗಾರೆ, ತುಕ್ರು ಹೀಗೆ. ಅಂದ್ರೆ ಒಂದು ಗ್ರಾಮದ ರಿಜಿಸ್ಟರು ತೆಗೆದ್ರೆ ಏಳು ಹೆಸರೇ ತಿರುಗಿ ತಿರುಗಿ ಬರ್ತದೆ, ತುಕ್ರ ಬಿನ್ ಐತ ಅನ್ನುವವ ನಾಲ್ಕು ಜನ ಇರ್ತಾರೆ. ನಿಮಗೆ ಬೇಕಾದವ ಯಾರು ಅಂತ ಹೆಸರು ನೋಡಿ ಹೇಳ್ಲಿಕ್ಕೆ ಸಾಧ್ಯವೇ ಇಲ್ಲ.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಮಾಡಿ. ಹೆಸರು, ಮನೆ ಇದ್ದ ಜಾಗದ ಹೆಸರು, ತಾಯಿಯ ಹೆಸರು, ಬರಿ (ತುಳುವರಲ್ಲಿ ಕುಲದ ಹೆಸರು), ಯಾರ ಮನೆಗೆ ಕೆಲಸಕ್ಕೆ ಹೋಗ್ತಿದ್ದದ್ದು, ಕೆಲಸ ಎಂತದ್ದು. ಈ ಆರರಲ್ಲಿ ಮೂರು ಹೊಂದಿದ್ರೆ ಮಾತ್ರ ಅದೇ ವ್ಯಕ್ತಿ ಅಂತ ತಗೊಳ್ಳಿ, ಎರಡೇ ಹೊಂದಿದ್ರೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿಡಿ.

ತಾಯಿಯ ಹೆಸರು ಯಾಕೆ ಅಂದ್ರೆ, ಅಳಿಯಸಂತಾನ ಕಟ್ಟು ಇರುವ ಮನೆಗಳಲ್ಲಿ ಬರಿ ಬರುದು ತಾಯಿಯಿಂದ, ಮನೆ ನಡೆಯುದು ಹೆಂಗಸರ ಕಡೆಯಿಂದ, ಮತ್ತೆ ಕಡತ ಬರ್ದ ಗುಮಾಸ್ತ ಕೇಳುದು ಅಪ್ಪನ ಹೆಸರು. ಅಪ್ಪ, ಅಜ್ಜ, ಮುತ್ತಜ್ಜ ಅಂತ ಮೇಲೆ ಹೋದ್ರೆ ಎರಡನೇ ಮೆಟ್ಟಲಲ್ಲೇ ಬೇರೆ ಮನೆಗೆ ಹೋಗಿ ಮುಟ್ಟಿರ್ತೀರಿ. ಅಮ್ಮ, ಅಜ್ಜಿ, ಅಜ್ಜಿಯ ಅಣ್ಣ, ಈ ದಾರಿಯಲ್ಲಿ ಹೋಗಿ. ಪೂರ್ತಿ ಜಿಲ್ಲೆಯಲ್ಲಿ ಎಲ್ಲಾ ಜಾತಿಯೂ ಹೀಗಲ್ಲ, ಅದನ್ನ ಮನೆಯವರ ಹತ್ರ ಮೊದ್ಲೇ ಕೇಳ್ಕೊಳ್ಳಿ.

ಊರಿನ ಹೆಸರಿನಲ್ಲೂ ಇದೇ ತಾಪತ್ರಯ. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಎಲ್ಲಾ ದಕ್ಷಿಣ ಕನ್ನಡದಲ್ಲಿ, 1956ಕ್ಕಿಂತ ಹಿಂದೆ ಮದ್ರಾಸಿನ ಸೌತ್ ಕೆನರಾದಲ್ಲಿ. ಆಗ ಕಾಸರಗೋಡೂ ಒಟ್ಟಿಗೇ ಇತ್ತು. ಹತ್ತೊಂಬತ್ತನೇ ಶತಮಾನದ ಕಡತದಲ್ಲಿ ಪುತ್ತೂರು, ಬೆಳ್ತಂಗಡಿ ಕಡೆಯದ್ದು ಉಪ್ಪಿನಂಗಡಿ ತಾಲೂಕಿನ ಕೆಳಗೆ ಬರ್ತದೆ. ಇಂಗ್ಲಿಷ್ ಕ್ಯಾಟಲಾಗಿನಲ್ಲಿ ಹುಡುಕುವಾಗ ಕೆನರಾವನ್ನ ಸಿ ಅಕ್ಷರದಲ್ಲೂ ಹುಡುಕಿ, ಕೆ ಅಕ್ಷರದಲ್ಲೂ ಹುಡುಕಿ.

ಹಂತ 4: ಮೊದ್ಲು ಆ ಮನೆಯವರ ಹತ್ರ ಮಾತಾಡಿ

ದೊಡ್ಡ ಮನೆಯ ಮೂಲಕ ಹೋಗ್ಬೇಡಿ. ಪರಿಚಯ ಮಾಡಿಸಿದವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತ್ರೆ ಮುಗೀತು, "ನಮ್ಮನ್ನ ಮನೆ ಮಕ್ಕಳ ಹಾಗೆ ನೋಡ್ಕೊಳ್ತಿದ್ರು" ಅನ್ನುವ ಒಂದೇ ವಾಕ್ಯ ನಿಮಗೆ ಸಿಗುದು. ಸಮುದಾಯದ ಸಂಘಟನೆ, ಅಂಗನವಾಡಿಯವರು, ಆಶಾ ಕಾರ್ಯಕರ್ತೆ, ಆ ಮನೆಯ ಓದಿದ ಮಕ್ಕಳು, ಇವರ ಮೂಲಕ ಹೋಗಿ. ಕೊರಗ ಸಮುದಾಯದ ಬಗ್ಗೆ ಆದ್ರೆ ಅವರದ್ದೇ ಸಂಘಗಳ ಒಕ್ಕೂಟ ಉಂಟು, ಮೊದ್ಲು ಅವರ ಹತ್ರ ಮಾತಾಡಿ, ಅವರು ಬೇಡ ಅಂದ್ರೆ ಬೇಡ.

ಭಾಷೆ ಅವರದ್ದೇ ಇರ್ಲಿ. ಕನ್ನಡದಲ್ಲಿ ಕೇಳಿದ್ರೆ ಶಾಲೆಯಲ್ಲಿ ಉತ್ತರ ಕೊಟ್ಟ ಹಾಗೆ ಕೊಡ್ತಾರೆ, ತುಳುವಿನಲ್ಲಿ ಕೇಳಿದ್ರೆ ಕಥೆ ಬರ್ತದೆ. ಕೊರಗರ ಹಿರಿಯರಲ್ಲಿ ಅವರದ್ದೇ ಬೇರೆ ಭಾಷೆ ಉಂಟು, ಅದು ತುಳು ಅಲ್ಲ. ನಿಮಗೆ ಬರದಿದ್ರೆ ಮನೆಯ ಮೊಮ್ಮಕ್ಕಳನ್ನ ಕೂರಿಸ್ಕೊಳ್ಳಿ.

ಆಮೇಲೆ ಪ್ರಶ್ನೆ. "ನಿಮ್ಮ ಕಷ್ಟ ಹೇಳಿ" ಅಂತ ಕೇಳಿದ್ರೆ ಯಾರಿಗೂ ಉತ್ತರ ಬರುದಿಲ್ಲ, ಬಂದ್ರೂ ಎಲ್ರದ್ದೂ ಒಂದೇ ಉತ್ತರ. ಕೈಯಲ್ಲಿ ಹಿಡಿಯುವಂಥದ್ದನ್ನ ಕೇಳಿ. ಬೀಡಿ ಕಟ್ಟಿದ ಅಜ್ಜಿಯ ಹತ್ರ ಹೀಗೆ ಕೇಳ್ಬಹುದು: ಎಲೆ ನೀರಿಗೆ ಹಾಕುದು ರಾತ್ರಿಯಾ ಬೆಳಿಗ್ಗೆಯಾ, ಎಲೆ ಕತ್ತರಿಸುದು ಯಾರು, ಕಟ್ಟುದು ಯಾರು, ಮಕ್ಕಳು ಶಾಲೆಯಿಂದ ಬಂದು ಎಷ್ಟು ಮಾಡ್ತಿದ್ರು, ಬ್ರಾಂಚಿಗೆ ನಡ್ಕೊಂಡು ಹೋಗುದಾ ಬಸ್ಸಾ, ಎಲೆ ಹಾಳಿದ್ದು ಬಂದು ಕಮ್ಮಿಯಾದ್ರೆ ಆ ಕಮ್ಮಿಯನ್ನ ಯಾರು ತುಂಬಿಸುದು, ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲ ಅಂತ ಹಿಂದೆ ಹಾಕಿದ್ರೆ ಆ ಬೀಡಿ ಎಂತ ಆಗ್ತಿತ್ತು, ಪುಸ್ತಕ ಯಾರ ಹೆಸರಲ್ಲಿ ಇತ್ತು. ಈ ಕೊನೇ ಪ್ರಶ್ನೆ ಬಿಡ್ಬೇಡಿ, ಕಟ್ಟುದು ಮೂರು ಜನ, ಪುಸ್ತಕ ಒಬ್ಬರದ್ದು, ಹೀಗೆ ಎಷ್ಟೋ ಮನೆಯಲ್ಲಿ ಇತ್ತು, ಉಳಿದ ಇಬ್ಬರ ದುಡಿಮೆ ಯಾವ ಕಾಗದದಲ್ಲೂ ಇಲ್ಲ. 1966ರ ಬೀಡಿ ಕಾರ್ಮಿಕರ ಕಾನೂನು ಬಂದ ಮೇಲೆ ಮನೆಯಲ್ಲಿ ಕಟ್ಟುವವರೂ ಕಾರ್ಮಿಕರ ಲೆಕ್ಕಕ್ಕೆ ಬಂದ್ರು ನಿಜ, ಆದ್ರೆ ಬಂದದ್ದು ಪುಸ್ತಕದಲ್ಲಿ ಹೆಸರಿದ್ದವರು.

ವರ್ಷ ಕೇಳ್ಬೇಡಿ, ಯಾರಿಗೂ ನೆನಪಿರುದಿಲ್ಲ. ಗುರುತಿಗೆ ದೊಡ್ಡ ಘಟನೆ ಇಡಿ. 1923ರ ಮಾರಿಬೊಳ್ಳದ (ದೊಡ್ಡ ನೆರೆಯ) ಬಗ್ಗೆ ಅಜ್ಜಿಯ ಅಮ್ಮ ಹೇಳಿದ್ದು ಉಂಟಾ? ನಯಾಪೈಸೆ ಬಂದಾಗ, ಅಂದ್ರೆ 1957, ಮದುವೆ ಆಗಿತ್ತಾ? 1974ರ ನೆರೆಗೆ ದೊಡ್ಡ ಮಗ ಹುಟ್ಟಿದ್ದನಾ? ಡಿಕ್ಲರೇಶನ್ (ಗೇಣಿ ಜಾಗಕ್ಕೆ ಅರ್ಜಿ) ಕೊಡುವ ಗಲಾಟೆ ಆಗುವಾಗ ಎಲ್ಲಿದ್ರಿ? ತಿಂಗಳಿಗೆ ಪಗ್ಗು, ಬೇಶ, ಸೋಣ, ಸುಗ್ಗಿ ಅಂತ್ಲೇ ಕೇಳಿ. ಹೀಗೆ ಕೇಳಿದ್ರೆ ಎರಡು ಮೂರು ವರ್ಷದ ಆಚೆ ಈಚೆಗೆ ಕಾಲ ನಿಂತ್ಕೊಳ್ತದೆ.

ಒಂದು ಸಲಕ್ಕೆ ಒಂದು ಗಂಟೆ ಸಾಕು. ಮೊದಲನೇ ಸಲ ಹೇಳಿದ್ದನ್ನ ಎರಡನೇ ಸಲ ಬೇರೆ ಥರ ಹೇಳಿದ್ರೆ ಸುಳ್ಳು ಅಂತ ಅಲ್ಲ, ನಿಮ್ಮ ಮೇಲೆ ಸ್ವಲ್ಪ ನಂಬಿಕೆ ಬಂತು ಅಂತ ಅರ್ಥ ಇರ್ಬಹುದು. ಎರಡನ್ನೂ ತಾರೀಕು ಹಾಕಿ ಇಡಿ.

ಮಾಡ್ಲೇಬಾರದ್ದು ಕೆಲವು ಉಂಟು. ಕೊರಗರ ಹತ್ರ ಡೋಲು ಬಾರಿಸಿ ತೋರಿಸಿ, ಹಾಗೆ ಕೂತು ತೋರಿಸಿ, ಒಂದು ವಿಡಿಯೋ ಮಾಡುವ ಅಂತ ಕೇಳುದು. ಅಜಲು ಪದ್ಧತಿಯನ್ನ (ಕೊರಗರನ್ನ ಕೀಳಾಗಿ ಕಂಡು ಅವಮಾನದ ಕೆಲಸ ಮಾಡಿಸುವ ಪದ್ಧತಿ) ಕರ್ನಾಟಕದಲ್ಲಿ 2000ದ ಕಾಯ್ದೆಯಿಂದ ನಿಷೇಧ ಮಾಡಿದ್ದಾರೆ, ಅದ್ರ ಬಗ್ಗೆ ಅವರಾಗಿ ಹೇಳಿದ್ರೆ ಕೇಳಿ, ಅಭಿನಯ ಮಾಡಿಸ್ಬೇಡಿ. ದೈವದ ನುಡಿ, ಸಂಧಿ (ದೈವದ ಕಥೆಯ ಹಾಡು) ರೆಕಾರ್ಡ್ ಮಾಡ್ಬೇಕಾದ್ರೆ ದೈವ ಕಟ್ಟುವ ಪಂಬದ, ನಲಿಕೆ, ಪರವ ಸಮುದಾಯದವರು ಯಾರೇ ಇರ್ಲಿ, ಕೋಲದ ದಿವಸ ಅಲ್ಲ, ಬೇರೆ ದಿವಸ ಹೋಗಿ ಒಪ್ಪಿಗೆ ಕೇಳಿ. ಒಪ್ಪಿಗೆಯನ್ನ ಅವರ ಸ್ವರದಲ್ಲೇ ರೆಕಾರ್ಡ್ ಮಾಡಿ, ಸಹಿ ಹಾಕಿಸುವ ಫಾರ್ಮು ನೋಡಿದ್ರೆ ಜಾಗದ ಕಾಗದ ಅಂತ ಹೆದರ್ತಾರೆ. ಹೆದರುದಕ್ಕೆ ಕಾರಣವೂ ಉಂಟು.

ಹಂತ 5: ಪಾಡ್ದನವನ್ನ ಎಲ್ಲಿ ಇಡ್ಬೇಕು ಅಂತ ತಿಳ್ಕೊಳ್ಳಿ

ನೇಜಿ ನೆಡುವಾಗ ಹೆಂಗಸರು ಹೇಳುವ ಪಾಡ್ದನ (ಬಾಯಿಂದ ಬಾಯಿಗೆ ಬಂದ ತುಳು ಕಥೆಹಾಡು) ಇರ್ಲಿ, ದೈವಸ್ಥಾನದ ಸಂಧಿ ಇರ್ಲಿ, ಅದನ್ನ ನೇರ ಚರಿತ್ರೆ ಅಂತ ತಗೊಳ್ಳುವವರು ಒಂದು ಗುಂಪು, ಬರೀ ಕಥೆ ಅಂತ ಬಿಡುವವರು ಇನ್ನೊಂದು ಗುಂಪು. ಎರಡೂ ನಷ್ಟ.

ಕಾರ್ಕಳದ ಗೊಮ್ಮಟ ನೋಡಿ. ಅಲ್ಲಿನ ಶಾಸನದಲ್ಲಿ ಪ್ರತಿಷ್ಠೆ ಮಾಡಿಸಿದ ರಾಜ ವೀರಪಾಂಡ್ಯನ ಹೆಸರು ಉಂಟು, ಕಾಲ 1432. ಕಲ್ಲು ಕೆತ್ತಿದವನ ಕಥೆ ಸಿಗುದು ಕಲ್ಕುಡ ಕಲ್ಲುರ್ಟಿ ಪಾಡ್ದನದಲ್ಲಿ, ಇನ್ನೊಂದು ಕಡೆ ಇಂಥ ಕೆಲಸ ಮಾಡ್ಬಾರದು ಅಂತ ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದ, ತಂಗಿ ಕಲ್ಲುರ್ಟಿ ಅದಕ್ಕೆ ಸೇಡು ತೀರಿಸಿದ್ಲು ಅಂತ. ಪಾಡ್ದನದಿಂದ ಇಸವಿ ತೆಗೀಲಿಕ್ಕೆ ಹೋಗ್ಬೇಡಿ, ಕೈ ಕಡಿದದ್ದು ನಿಜವಾ ಅಂತ ಸಾಬೀತು ಮಾಡ್ಲಿಕ್ಕೂ ಹೋಗ್ಬೇಡಿ. ಕೆಲಸ ಮಾಡಿದವರ ಕಡೆಯವರು ಆ ದೊಡ್ಡ ಕೆಲಸವನ್ನ ಹೇಗೆ ನೆನಪಿಟ್ಕೊಂಡ್ರು, ಯಾರ ಮೇಲೆ ಸಿಟ್ಟು ಇತ್ತು, ಯಾವ ಅನ್ಯಾಯ ಮರೀಲಿಕ್ಕೆ ಆಗದ್ದು, ಅದಕ್ಕೆ ಇದು ಗಟ್ಟಿ ಸಾಕ್ಷಿ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿರುವ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ ಹಳೆ ರೆಕಾರ್ಡಿಂಗ್ ಉಂಟು, ನೀವು ಹೊಸತಾಗಿ ಮಾಡುವ ಮೊದ್ಲು ಅಲ್ಲಿ ವಿಚಾರಿಸಿ.

ಹಂತ 6: ಕಾಗದ ಹುಡುಕಿ, ಹತ್ತಿರದ್ದು ಮೊದ್ಲು

ಮನೆಯ ಪೆಟ್ಟಿಗೆಯಿಂದ ಶುರು. ತಗಡಿನ ಟ್ರಂಕು, ಅಕ್ಕಿ ಡಬ್ಬದ ಹಿಂದೆ, ದೇವರ ಫೋಟೋದ ಹಿಂದೆ. ರೇಷನ್ ಕಾರ್ಡು, ಬೀಡಿ ಪಾಸ್‌ಬುಕ್ಕು, ಹಳೆ ತೀರ್ವೆ ರಶೀದಿ, ಆಸ್ಪತ್ರೆ ಚೀಟಿ. ಒರಲೆ ಹಿಡಿದದ್ದನ್ನ ಅಲ್ಲೇ ಬಿಡಿಸ್ಲಿಕ್ಕೆ ಹೋಗ್ಬೇಡಿ, ಹೇಗೆ ಉಂಟೋ ಹಾಗೇ ಫೋಟೋ ತೆಗೆದು ಮತ್ತೆ ಕೈ ಹಾಕಿ. ಮೂಲ ಕಾಗದ ಮನೆಯಿಂದ ಹೊರಗೆ ತಗೊಂಡು ಹೋಗ್ಬಾರದು, ಒಂದು ದಿವಸಕ್ಕೆ ಕೂಡ.

ಆಮೇಲೆ ಶಾಲೆ. ಹಳೆ ಬೋರ್ಡ್ ಶಾಲೆಗಳು, ಮಿಷನ್ ಶಾಲೆಗಳು, ಮತ್ತೆ ಕುದ್ಮಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಶುರು ಮಾಡಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನಿನ ಕಡೆಯಿಂದ ನಡೆದ ಶಾಲೆಗಳು. ರಂಗರಾಯರ ಬಗ್ಗೆ ಬೇಕಾದಷ್ಟು ಬರಹ ಉಂಟು, ಆ ಶಾಲೆಗಳಲ್ಲಿ ಕೂತ ಮಕ್ಕಳ ಬಗ್ಗೆ ಎಷ್ಟು ಉಂಟು ನೀವೇ ಹುಡುಕಿ ನೋಡಿ. ದಾಖಲಾತಿ ರಿಜಿಸ್ಟರಿನಲ್ಲಿ ಬಲಗಡೆ ಕೊನೆಗೆ ಶಾಲೆ ಬಿಟ್ಟ ತಾರೀಕು ಮತ್ತೆ ಕಾರಣದ ಕಾಲಂ ಇರ್ತದೆ. ಎಲ್ರೂ ಎಡಗಡೆಯ ಹೆಸರು ನೋಡಿ ಪುಸ್ತಕ ಮುಚ್ಚುದು, ಆದ್ರೆ ಆ ಕಾರಣದ ಕಾಲಮ್ಮಿನಲ್ಲೇ ಹತ್ತು ಮಕ್ಕಳಲ್ಲಿ ಎಷ್ಟು ಜನ ಯಾವ ತಿಂಗಳಲ್ಲಿ ಬಿಟ್ರು ಅಂತ ಕಾಣುದು, ಅದು ನಾಟಿಯ ತಿಂಗಳಾ ಕೊಯ್ಲಿನ ತಿಂಗಳಾ ಅಂತ ಹೊಂದಿಸಿ.

ತಾಲೂಕು ಆಫೀಸು ಮೂರನೇದ್ದು. ಇಲ್ಲಿ ಬಂಗಾರ ಅಂದ್ರೆ ಭೂನ್ಯಾಯ ಮಂಡಳಿಯ ಕಡತ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಡ್ಬೇಕಿತ್ತು, ಊರಿನವರ ಬಾಯಲ್ಲಿ ಅದು ಡಿಕ್ಲರೇಶನ್. ಕಡತ ಬಿಡಿಸಿದ್ರೆ ಮೇಲೆ ಅರ್ಜಿ: ಹೆಸರು, ಧಣಿಯ ಹೆಸರು, ಸರ್ವೆ ನಂಬ್ರ, ಎಷ್ಟು ಸೆಂಟ್ಸು, ಮೂಲಗೇಣಿಯಾ (ಕಾಯಂ ಗೇಣಿ) ಚಾಲಗೇಣಿಯಾ (ತಾತ್ಕಾಲಿಕ ಗೇಣಿ), ಎಷ್ಟು ಮುಡಿ ಅಕ್ಕಿ ಗೇಣಿ, ಯಾವಾಗಿನಿಂದ ಸಾಗುವಳಿ. ಅದ್ರ ಕೆಳಗೆ ತಕರಾರು ಇದ್ದ ಕೇಸು ಆದ್ರೆ ಹೇಳಿಕೆಗಳು, ಇದನ್ನ ಓದ್ದೆ ಬರ್ಬೇಡಿ. ಗೇಣಿದಾರ ಹೇಳಿದ್ದು, ಧಣಿ ಇಲ್ಲ ಅಂದದ್ದು, ಸಾಕ್ಷಿಗೆ ಬಂದ ನೆರೆಮನೆಯವ ಹೇಳಿದ್ದು, ಕೊನೆಗೆ ಹೆಬ್ಬೆಟ್ಟು. ಬೇರೆ ಎಲ್ಲೂ ಬಾಯಿ ಬಿಡದ ಮನುಷ್ಯ ಅಲ್ಲಿ ನಾನು ಅಂತ ಶುರು ಮಾಡಿ ಮಾತಾಡಿರ್ತಾನೆ, ಗುಮಾಸ್ತನ ಕನ್ನಡದಲ್ಲಿ ಆದ್ರೂ.

ಆದ್ರೆ ಆ ಕಡತದಲ್ಲಿ ಯಾರಿಲ್ಲ ಅಂತಲೂ ನೋಡಿ. ಅರ್ಜಿ ಹೆಚ್ಚಾಗಿ ಮನೆಯ ಹಿರಿ ಗಂಡಸಿನ ಹೆಸರಲ್ಲಿ, ಹೆಂಗಸರು ಇಲ್ಲ. ಗೇಣಿದಾರನ ಕೈಕೆಳಗೆ ಗದ್ದೆಗೆ ಇಳಿದ ಮೂಲದಾಳುಗಳೂ (ತಲೆಮಾರಿನಿಂದ ಒಂದೇ ಮನೆಗೆ ಕಟ್ಟುಬಿದ್ದ ಆಳುಗಳು) ಇಲ್ಲ, ಯಾಕಂದ್ರೆ ಅವರು ಗೇಣಿದಾರರೇ ಅಲ್ಲ. ಉಳುವವನೇ ಹೊಲದೊಡೆಯ ಅಂತ ಭಾಷಣ ಮಾಡ್ತೇವೆ, ನಿಜವಾಗಿ ನೊಗ ಹಿಡಿದವನಿಗೆ ಎಷ್ಟೋ ಕಡೆ ಸಿಕ್ಕಿದ್ದು ಮನೆಯಡಿ ಜಾಗ ಮಾತ್ರ. ಕೃಷಿ ಕೂಲಿಯವರ ವಾಸದ ಮನೆಗೆ ಅದೇ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಅವಕಾಶ ಇತ್ತು, ಆ ಅರ್ಜಿಗಳನ್ನ ಬೇರೆಯಾಗಿ ಕೇಳಿ ಹುಡುಕಿಸಿ.

ನಕಲು ಕೇಳುದು ಹೇಗೆ? ಮನೆಯವರ ಹೆಸರಲ್ಲೇ ಅರ್ಜಿ ಹಾಕಿಸಿ, ನಿಮ್ಮ ಹೆಸರಲ್ಲಿ ಹಾಕಿದ್ರೆ ನೀವು ಯಾರು ಅಂತ ಪ್ರಶ್ನೆ ಬರ್ತದೆ. ಕಡತ ಸಿಗುದಿಲ್ಲ ಅಂತ ಬಾಯಿಮಾತಲ್ಲಿ ಹೇಳಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿವಸ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಅದನ್ನ ಮೀರಿದ್ರೆ ವಾಪಸ್ ಬರ್ತದೆ. ಗ್ರಾಮದ ಹೆಸರು, ಸರ್ವೆ ನಂಬ್ರ, ಅಂದಾಜು ವರ್ಷ ಮೂರೂ ಬರೀರಿ. "ನಮ್ಮೂರಿನ ಎಲ್ಲಾ ಡಿಕ್ಲರೇಶನ್ ಕೊಡಿ" ಅಂತ ಬರೆದ್ರೆ ಉತ್ತರ ಏನು ಬರ್ತದೆ ಅಂತ ನಾನು ಹೇಳ್ಬೇಕಾ?

ಬಾಸೆಲ್ ಮಿಷನಿನ ವಿಷಯಕ್ಕೆ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹ, ಆಮೇಲೆ ಸ್ವಿಜರ್ಲೆಂಡಿನ ಬಾಸೆಲಿನಲ್ಲಿರುವ ಮಿಷನ್ ಆರ್ಕೈವ್ಸಿನ ಫೋಟೋಗಳು, ಆನ್‌ಲೈನಿನಲ್ಲೇ ನೋಡ್ಬಹುದು. ಮದ್ರಾಸ್ ಕಾಲದ ಜಿಲ್ಲಾ ಕಡತಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಆರ್ಕೈವ್ಸು. ಚೆನ್ನೈಗೆ ಹೋಗುದು ಎಲ್ಲಾ ಮುಗಿದ ಮೇಲೆ. ಹೆಸರು, ಊರು, ವರ್ಷ ಇಲ್ದೆ ಅಲ್ಲಿಗೆ ಹೋದ್ರೆ ರೈಲಿನ ದುಡ್ಡು ದಂಡ.

ಹಂತ 7: ಸಾಹೇಬರು ಬರ್ದದ್ದನ್ನ ಓದುವ ಕ್ರಮ

ಬ್ರಿಟಿಷರ ಕಾಲದ ಪುಸ್ತಕಗಳು ಅಂದ್ರೆ 1894ರ ಸ್ಟರಕ್ಕನ ಜಿಲ್ಲಾ ಕೈಪಿಡಿ, 1909ರ ಥರ್ಸ್ಟನ್ನನ ಜಾತಿ ಬುಡಕಟ್ಟಿನ ಸಂಪುಟ, ಮಿಷನರಿಗಳ ವರದಿ. ಇವನ್ನ ಕಾಪಿ ಮಾಡಿ ಹಾಕುದೇ ಅತಿ ದೊಡ್ಡ ರೋಗ. ಥರ್ಸ್ಟನ್ ಜನರ ತಲೆ, ಮೂಗು ಅಳತೆ ಮಾಡಿಸಿದವ, ಅವ ಬರ್ದ ಅಭ್ಯಾಸ ಆಚಾರಗಳು ಹೆಚ್ಚಿನವು ಬೇರೆಯವರು ಹೇಳಿ ಬಂದದ್ದು. ಪ್ರತಿ ವಾಕ್ಯಕ್ಕೂ ಮೂರು ಕೇಳಿ: ಇದನ್ನ ಇವನಿಗೆ ಯಾರು ಹೇಳಿದ್ದು, ಆ ಹೇಳಿದವ ಯಾವ ಜಾತಿಯವ ಇರ್ಬಹುದು, ಇದನ್ನ ಬರ್ದು ಆಡಳಿತಕ್ಕೆ ಎಂತ ಬೇಕಿತ್ತು. ಕೊರಗರ ಬಗ್ಗೆ ಈ ಸಾಹೇಬರು ಸಾಧು ಜನ, ಸುಳ್ಳು ಗೊತ್ತಿಲ್ಲದ ಜನ ಅಂತೆಲ್ಲ ಹೊಗಳಿಕೆ ಥರ ಬರ್ದದ್ದು ಕಂಡ್ರೆ ಅದಕ್ಕೂ ಇದೇ ಪರೀಕ್ಷೆ ಮಾಡಿ.

ಕಾನೂನು ಬಂದ ಕೂಡ್ಲೇ ವಿಷಯ ಮುಗೀತು ಅಂತ ಬರೀಬೇಡಿ. 1843ರ ಐದನೇ ಆಕ್ಟಿನಿಂದ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೀತು, ಆದ್ರೂ ಮೂಲದಾಳು, ಸಾಲದಾಳು ಅನ್ನುವ ಮಾತು ನಮ್ಮ ಹಿರಿಯರ ಬಾಯಲ್ಲಿ ಎಷ್ಟು ಕಾಲ ಇತ್ತು ಅಂತ ನಿಮ್ಮ ರೆಕಾರ್ಡಿಂಗೇ ಹೇಳ್ತದೆ.

ವಸ್ತುಗಳೂ ಮೋಸ ಮಾಡ್ತವೆ. ಮಾಡಿನಿಂದ ಇಳಿಸಿದ ಹೆಂಚಿನ ಹಿಂದೆ ಬಾಸೆಲ್ ಮಿಷನ್ 1865 ಅಂತ ಅಚ್ಚು ಕಂಡ್ರೆ ಮನೆ 1865ರದ್ದು ಅಂತ ಕುಣೀತಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಒತ್ತಿದ ವರ್ಷ ಅಲ್ಲ. ಒಂದನೇ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಅಚ್ಚಿನಲ್ಲಿ ಯಾವ ಹೆಸರು ಅಂತ ನೋಡಿ ಕಾಲ ಊಹೆ ಮಾಡ್ಬಹುದು, ಅಷ್ಟೇ. ಫೋಟೋದ ಕೆಳಗಿನ ಬರಹವೂ ಹಾಗೆ, ಮಿಷನರಿಯ ಹೆಸರು ಪೂರ್ತಿ ಇರ್ತದೆ, ಪಕ್ಕದಲ್ಲಿ ನಿಂತವರು ಜಾತಿ ಹೆಸರಿನಲ್ಲೋ ಕೆಲಸದ ಹೆಸರಿನಲ್ಲೋ ಇರ್ತಾರೆ. ಆ ಫೋಟೋ ಪ್ರಿಂಟ್ ಹಾಕಿಸಿ ಜೆಪ್ಪು, ಬಲ್ಮಠದ ಹಳೆ ಮನೆಗಳಲ್ಲಿ ತೋರಿಸಿ, ಮುಖ ಅಲ್ಲದಿದ್ರೂ ಜಾಗ ಗುರ್ತು ಹಿಡೀತಾರೆ.

ಹಂತ 8: ತಾಳೆ ಹಾಕಿ

ಮಾತು ಒಂದು ಹೇಳ್ತದೆ, ಕಾಗದ ಒಂದು ಹೇಳ್ತದೆ. ಹೊಂದುದಿಲ್ಲ ಅಂದ ಕೂಡ್ಲೇ ಅಜ್ಜಿಗೆ ಮರೆವು ಅಂತ ತೀರ್ಮಾನ ಮಾಡ್ಬೇಡಿ. ಮುಡಿಯ ಲೆಕ್ಕವನ್ನೇ ತಗೊಳ್ಳಿ, ಸಾಮಾನ್ಯವಾಗಿ ಮುಡಿಗೆ ಮೂರು ಕಳಸೆ, 42 ಸೇರು ಅಂತಾರೆ, ಆದ್ರೆ ಗೇಣಿ ಅಳೆಯುವ ಸೇರು ಬೇರೆ, ಕೂಲಿ ಕೊಡುವ ಸೇರು ಬೇರೆ ಇತ್ತು ಅಂತ ಹಿರಿಯರು ಹೇಳಿದ್ರೆ ಅದನ್ನ ಹಾಗೇ ಬರ್ಕೊಳ್ಳಿ, ಆ ವ್ಯತ್ಯಾಸವೇ ನಿಮಗೆ ಬೇಕಾದ ಚರಿತ್ರೆ. ಆ ಸೇರು ಯಾರ ಮನೆಯಲ್ಲಾದ್ರೂ ಉಳಿದಿದ್ರೆ ಅಳೆದು ನೋಡಿ.

ಪಟ್ಟಿಯಲ್ಲಿ ಮೂರು ಬಣ್ಣ ಇಡಿ. ಮಾತು ಮತ್ತೆ ಕಾಗದ ಎರಡೂ ಹೇಳಿದ್ದು, ಒಂದೇ ಹೇಳಿದ್ದು, ಒಂದನ್ನೊಂದು ಅಲ್ಲಗಳೆಯುದು. ಮೂರನೇ ಬಣ್ಣ ಒಂದೂ ಇಲ್ಲದಿದ್ರೆ ಅನುಮಾನ ಪಡಿ, ಯಾರೋ ಒಬ್ಬರೇ ಹೇಳಿದ್ದನ್ನ ಎಲ್ರೂ ಹೇಳ್ತಿರ್ಬಹುದು.

ಹಂತ 9: ಬರೆಯುವಾಗ

ಹಳೆ ಕಡತದ ಜಾತಿ ಬೈಗುಳಗಳನ್ನ ನಿಮ್ಮ ವಾಕ್ಯದಲ್ಲಿ ಬಳಸ್ಬೇಡಿ. ಕಡತದಲ್ಲಿ ಹಾಗೆ ಇತ್ತು ಅಂತ ಹೇಳ್ಲೇಬೇಕಾದ್ರೆ ಒಂದು ಸಲ, ಕಡತದ ಮಾತು ಅಂತ ಗೊತ್ತಾಗುವ ಹಾಗೆ. ಬದುಕಿರುವವರ ಹೆಸರು ಬೇಕಾ ಬೇಡ್ವಾ ಅವರೇ ಹೇಳ್ಲಿ. ಹೆಸರು ಬದಲಾಯಿಸಿ ಅಂದ್ರೆ ಬದಲಾಯಿಸಿ, ಆದ್ರೆ ಎಷ್ಟೋ ಜನ ನನ್ನ ಹೆಸರು ಹಾಕ್ಲೇಬೇಕು ಅಂತಾರೆ, ಅಲ್ಲಿ ನೀವು ಒಳ್ಳೆಯವರಾಗ್ಲಿಕ್ಕೆ ಹೋಗಿ ಹೆಸರು ತೆಗೀಬೇಡಿ.

"ಧ್ವನಿ ಇಲ್ಲದವರಿಗೆ ಧ್ವನಿ" ಅನ್ನುವ ಸಾಲು ಹೊಡೆದು ಹಾಕಿ. ಮೂರು ಗಂಟೆ ರೆಕಾರ್ಡಿಂಗ್ ಮಾಡಿ ಬಂದು ಧ್ವನಿ ಇಲ್ಲ ಅನ್ನುದು ಎಂಥ ಮಾತು? ಸಿಗದ್ದನ್ನ ಸಿಗ್ಲಿಲ್ಲ ಅಂತ ಬರೀರಿ, ಆ ರಿಜಿಸ್ಟರು ಯಾಕೆ ಇಲ್ಲ, ಯಾರ ಹೆಸರು ಯಾಕೆ ಬಿಟ್ಟುಹೋಗಿದೆ ಅಂತ ಗೊತ್ತಿದ್ರೆ ಅದನ್ನೂ. ಮಧ್ಯದ ತೂತನ್ನ ಹೀಗಿದ್ದಿರಬಹುದು ಅಂತ ತುಂಬಿಸ್ಲಿಕ್ಕೆ ಹೋದ್ರೆ ಅದು ಕಾದಂಬರಿ.

ಹಂತ 10: ವಾಪಸ್ ಕೊಟ್ಟು, ಜೋಪಾನವಾಗಿ ಇಡಿ

ಪ್ರಿಂಟಿಗೆ ಹೋಗುವ ಮೊದ್ಲು ಆ ಮನೆಯಲ್ಲಿ ಕೂತು ಪೂರ್ತಿ ಓದಿ ಹೇಳಿ, ತುಳುವಿನಲ್ಲೇ. ತಪ್ಪು ಅಂದದ್ದನ್ನ ಅಲ್ಲೇ ಗುರ್ತು ಮಾಡಿ. ಇದು ಹಾಕ್ಬೇಡಿ ಅಂದ್ರೆ ತೆಗೀರಿ, ವಾದ ಬೇಡ.

ಆಡಿಯೋ ಫೈಲು ವಾಟ್ಸಾಪಿನಲ್ಲಿ ಕಳಿಸಿದ್ರೆ ಗ್ರೂಪಿಗೆ ಹೋಗಿ ಊರೆಲ್ಲ ಸುತ್ತಿ ಬರ್ತದೆ, ಹಾಗಾಗಿ ಪೆನ್‌ಡ್ರೈವಿನಲ್ಲಿ ಕೈಗೆ ಕೊಡಿ. ನಿಮ್ಮ ಹತ್ರ ಎರಡು ಕಡೆ ಕಾಪಿ ಇರ್ಲಿ, ಒಂದು ಮನೆಯಿಂದ ಹೊರಗೆ. ಹಾರ್ಡ್‌ಡಿಸ್ಕನ್ನ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನಮ್ಮ ಮಳೆಗಾಲದ ಪಸೆಗೆ ಎರಡು ವರ್ಷದಲ್ಲಿ ಕನೆಕ್ಟರು ಹಸಿರಾಗ್ತದೆ. ಫೈಲಿನ ಹೆಸರಲ್ಲಿ ತಾರೀಕು, ಊರು, ಮಾತಾಡಿದವರ ಹೆಸರಿನ ಬದ್ಲು ನಂಬ್ರ. ಯಾವ ನಂಬ್ರ ಯಾರು ಅನ್ನುವ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿ, ಅದನ್ನ ಫೋನಿಗೆ ಹಾಕ್ಬೇಡಿ. ಪಾಸ್‌ಬುಕ್ಕು, ರಶೀದಿಗಳ ಫೋಟೋವನ್ನ ದೊಡ್ಡದಾಗಿ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಮಾಡಿ ಮನೆಯವರಿಗೆ ಕೊಡಿ. ಮೂಲ ಕಾಗದಕ್ಕೆ ಮಾತ್ರ ಲ್ಯಾಮಿನೇಶನ್ ಮಾಡ್ಬೇಡಿ, ಅದು ಒಳಗೇ ಹಳದಿಯಾಗಿ ಹಾಳಾಗ್ತದೆ, ಆಮೇಲೆ ಬಿಡಿಸ್ಲಿಕ್ಕೆ ಆಗುದಿಲ್ಲ.